ಅಪ್‌ಡೇಟ್: ತಂಗಿಗೆ ಎಎನ್‌ಎ ಪಾಸಿಟಿವ್ ಬಂದಿತ್ತು, ಮುಂದೇನಾಯಿತು

ಮೂರು ತಿಂಗಳ ಹಿಂದೆ ಕೇಳಿದ್ದೆ: ತಂಗಿಗೆ ಎಎನ್‌ಎ (ಸ್ವಂತ ಜೀವಕೋಶಗಳ ವಿರುದ್ಧವೇ ಇರುವ ಪ್ರತಿಕಾಯಗಳನ್ನು ಹುಡುಕುವ ರಕ್ತ ಪರೀಕ್ಷೆ) ಪಾಸಿಟಿವ್ ಬಂದಿದೆ, ಇದು ಲೂಪಸ್ಸೇ, ಅಂದರೆ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಯೇ? ಅದೊಂದರಿಂದಲೇ ಹೇಳಲಾಗದು, ಆರೋಗ್ಯವಂತರಲ್ಲೂ ಬರುತ್ತದೆ ಎಂದಿದ್ದಿರಿ. ನಿಜ. ಆದರೆ ಅವಳಿಗೆ ಲೂಪಸ್ ಕಡೆಗೆ ಬೊಟ್ಟುಮಾಡುವ ಆಂಟಿ-ಡಿಎಸ್‌ಡಿಎನ್‌ಎ ಪ್ರತಿಕಾಯ ಜಾಸ್ತಿ ಇತ್ತು, ರಕ್ತದಲ್ಲಿರುವ ರೋಗನಿರೋಧಕ ಪ್ರೋಟೀನ್‌ಗಳಾದ ಸಿ3, ಸಿ4 ಎರಡೂ ಕಡಿಮೆ. ರೋಗ ಚುರುಕಾದಾಗ ಈ ಪ್ರೋಟೀನ್‌ಗಳು ಖರ್ಚಾಗಿ ಹೋಗುತ್ತವೆ.

ಕಿಡ್ನಿ ಕೆಲಸ ತೋರಿಸುವ ರಕ್ತದ ಕ್ರಿಯಾಟಿನಿನ್ ಮಾತ್ರ 0.8, ನಾರ್ಮಲ್. ಅದೊಂದನ್ನೇ ನೋಡಿದ್ದರೆ ಕಿಡ್ನಿ ಸರಿಯಿದೆ ಅಂತ ಸುಮ್ನೆ ಇದ್ದುಬಿಡುತ್ತಿದ್ದೆವು, ಅಲ್ವಾ? ಆದರೆ ಮೂತ್ರದಲ್ಲಿ ಎಷ್ಟು ಪ್ರೋಟೀನ್ ಸೋರುತ್ತಿದೆ ಎಂದು ತೋರಿಸುವ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ 1.4 ಬಂತು. 0.5 ದಾಟಿದರೇ ಕಿಡ್ನಿ ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಬಗ್ಗೆ ಯೋಚಿಸುತ್ತಾರೆ. ಮಾಡಿಸಿದೆವು: ಕ್ಲಾಸ್ 4 ಲೂಪಸ್ ನೆಫ್ರೈಟಿಸ್, ಅಂದರೆ ಲೂಪಸ್‌ನಿಂದ ಕಿಡ್ನಿಗೆ ಬಂದ ಗಂಭೀರ ಉರಿಯೂತ. ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ.

ಸ್ಟಿರಾಯ್ಡ್, ಮೈಕೋಫಿನೋಲೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಗಳು ನಡೆಯುತ್ತಿವೆ. ಎಂಟು ವಾರಕ್ಕೆ ಸಿ3 ಏರಿದೆ, ಅನುಪಾತ 0.9ಕ್ಕೆ ಇಳಿದಿದೆ. ಮೂತ್ರ ಪರೀಕ್ಷೆ ಬಿಡಬೇಡಿ ಎಂದು ಎರಡೆರಡು ಸಲ ಬರೆದವರಿಗೆ ಮನಸಾರೆ ಥ್ಯಾಂಕ್ಸ್.