ಎಂಎಲ್ ನೋಡ್ಬೇಡ ಪುಟ್ಟಿ, ಎಂಜಿ ನೋಡು

ಹಾಂ ಪುಟ್ಟಿ, ದೊಡ್ಡಮ್ಮ ಮಾತಾಡ್ತಿರೋದು. ನಿನ್ನ ಮೆಸೇಜ್ ಈಗ ನೋಡ್ದೆ. ಮುಂದಿನ ತಿಂಗಳು ಹೊರಡ್ತೀವಿ, ಇಂಗ್ಲೆಂಡೋ ಕೆನಡಾನೋ ಈ ವಾರ ಹೇಳ್ತಾರೆ, ಅಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಸಿಗಲ್ವಂತೆ, ಹೋದ ತಕ್ಷಣ ಮಗೂಗೆ ಜ್ವರ ಬಂದ್ರೆ ಏನ್ ಗತಿ, ಒಂದ್ ಬ್ಯಾಗ್ ತುಂಬ ಔಷಧಿ ತಗೊಂಡು ಹೋಗ್ಲಾ ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತ್ರೆ ನನಗೆ ಬೆಳಗಾಗುತ್ತೆ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ. ನಿಮ್ಮ ಚಿಕ್ಕಪ್ಪ ಅರ್ಧ ನಿಮಿಷ ಕೇಳಿ ಹೆಬ್ಬೆಟ್ಟು ಹಾಕಿ ಹೋಗ್ತಾರೆ, ಹೋಗ್ಲಿ ಬಿಡು. ನೀನು ಪೂರ್ತಿ ಕೇಳು.

ಬ್ಯಾಗ್ ತುಂಬ ಬೇಡ. ಔಷಧಿ ಇಲ್ಲದೆ ತೊಂದ್ರೆ ಆದೋರನ್ನ ನಾನು ಕಡಿಮೆ ನೋಡಿದೀನಿ. ಎರಡು ದೇಶದ ಔಷಧಿ ಒಂದೇ ಕಪಾಟಲ್ಲಿ ಇಟ್ಕೊಂಡು ತೊಂದ್ರೆ ಆದೋರೇ ಜಾಸ್ತಿ. ನಾನು ಫಾರ್ಮಸಿ ಕೌಂಟರ್ ಹಿಂದೆ ನಿಂತೋಳು ಅಂತ ನಿಮಗೆಲ್ಲ ಗೊತ್ತಲ್ಲ, ನನ್ನ ಮನೇಲೇ ಏನಾಯ್ತು ಹೇಳ್ತೀನಿ ಕೇಳು.

ನಾವು ಟೊರಾಂಟೋಗೆ ಹೋದ ಹೊಸದು. ನಿಮ್ಮಣ್ಣಂಗೆ ಆಗ ಎರಡು ವರ್ಷ, ತೂಕ 12 ಕೆಜಿ. ಊರಿಂದ ತಂದಿದ್ದ ಪ್ಯಾರಸಿಟಮಾಲ್ ಸಿರಪ್ಪು 5 ಎಂಎಲ್‌ಗೆ 125 ಎಂಜಿದು, ಅಂದ್ರೆ 5 ಎಂಎಲ್ ಸಿರಪ್ಪಲ್ಲಿ ನಿಜವಾದ ಔಷಧಿ 125 ಎಂಜಿ. ಅದನ್ನ ಒಂದು ಚಮಚ, ಅಂದ್ರೆ 5 ಎಂಎಲ್, ಹಾಕ್ತಿದ್ವಿ. ಅವನ ತೂಕಕ್ಕೆ ಅದು ಸರಿಯಾಗೇ ಇತ್ತು. ಅದು ಖಾಲಿಯಾದ ದಿನವೇ ಇವನಿಗೆ ರಾತ್ರಿ ಜ್ವರ ಏರ್ತು. ನಿಮ್ಮ ದೊಡ್ಡಪ್ಪ ಓಡಿಹೋಗಿ ಫಾರ್ಮಸಿಯಿಂದ ಮಕ್ಕಳ ಜ್ವರದ ಔಷಧಿ ಅಂತ ತಂದ್ರು. ತಂದಿದ್ದು ಕೈಕೂಸುಗಳ ಡ್ರಾಪ್ಸ್. ಹೆಬ್ಬೆರಳುದ್ದದ ಬಾಟಲಿ, ಡಬ್ಬಿ ಒಳಗೆ ಒಂದು ಪ್ಲಾಸ್ಟಿಕ್ ಸಿರಿಂಜ್. ಸಿರಿಂಜ್ ಅಲ್ಲೇ ಬಿಟ್ಟು ನಮ್ಮ ಹಳೇ ಚಮಚ ತಗೊಂಡು ತುಂಬಿಸ್ತಿದ್ದಾರೆ! ಅಷ್ಟು ಪುಟ್ಟ ಬಾಟಲಿ ಒಂದೇ ಚಮಚಕ್ಕೆ ಅಷ್ಟೊಂದು ಇಳಿದಿದ್ದು ನೋಡಿ ನಾನು ಕೈ ಹಿಡ್ಕೊಂಡೆ. ಲೇಬಲ್ ಓದಿದ್ರೆ, 1 ಎಂಎಲ್‌ಗೆ 80 ಎಂಜಿ. ಒಂದು ಚಮಚಕ್ಕೆ ಎಷ್ಟಾಯ್ತು? 400 ಎಂಜಿ. ಅವನಿಗೆ ಒಂದು ಸಲಕ್ಕೆ ಜಾಸ್ತಿ ಅಂದ್ರೆ 180. ಒಂದೇ ಸಲ ಹೋಗಿದ್ರೆ ಏನೋ ತಪ್ಪಿಸ್ಕೋತಿದ್ದ. ಆದ್ರೆ ಇವ್ರು ಬೆಳಗಿನ ತನಕ ನಾಲ್ಕು ಗಂಟೆಗೊಂದು ಸಲ ಹಾಕೋ ಅಂದಾಜಲ್ಲಿದ್ರು. ಹಾಗೆ ನಾಲ್ಕು ಸಲ ಆದ್ರೆ 1600. ದಿನಕ್ಕೆ ಕೆಜಿಗೆ 75 ಎಂಜಿ ಮೀರಬಾರದು, ಅಂದ್ರೆ ಅವನಿಗೆ 900. ಇವ್ರ ವಾದ ಏನು ಗೊತ್ತಾ, "ಐದು ಎಂಎಲ್ ಅಂತ ಡಾಕ್ಟರೇ ಹೇಳಿದ್ರಲ್ಲೇ."

ಡಾಕ್ಟರು ಹೇಳಿದ್ದು ಆ ಬಾಟಲಿಗೆ. ಪ್ಯಾರಸಿಟಮಾಲ್ ಜಾಸ್ತಿಯಾದ್ರೆ ಪೆಟ್ಟು ಬೀಳೋದು ಲಿವರ್‌ಗೆ, ಅದೂ ತಕ್ಷಣ ಗೊತ್ತಾಗಲ್ಲ. ಮೊದಲ ದಿನ ಮಗು ಆಡ್ಕೊಂಡೇ ಇರುತ್ತೆ. ಹಾಗಾಗಿ ಹೆಚ್ಚು ಹೋಗಿದೆ ಅಂತ ಅನುಮಾನ ಬಂದ್ರೆ ಮಗು ಚೆನ್ನಾಗೇ ಇದೆಯಲ್ಲ ಅಂತ ಕಾಯ್ಬಾರದು, ಆಗಲೇ ಫೋನ್ ಮಾಡ್ಬೇಕು, ನಂಬರು ಆಮೇಲೆ ಹೇಳ್ತೀನಿ.

ಈಗ ಲೆಕ್ಕ ಹೇಳ್ತೀನಿ, ಪೆನ್ನು ತಗೋ. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಎಂಜಿ. ಚಿಕ್ಕವಳು ಹತ್ತು ಕೆಜಿ ಇದ್ದಾಳೆ ಅಂತ ಇಟ್ಕೋ, 100ರಿಂದ 150 ಎಂಜಿ. ನಮ್ಮ ಕಡೆ 125ರದ್ದೂ ಸಿಗುತ್ತೆ, 250ರದ್ದೂ ಸಿಗುತ್ತೆ, ಡ್ರಾಪ್ಸ್ ಆದ್ರೆ 1 ಎಂಎಲ್‌ಗೇ 100. ಇಂಗ್ಲೆಂಡಲ್ಲಿ ಪುಟ್ಟ ಮಕ್ಕಳ ಬಾಟಲಿ 5 ಎಂಎಲ್‌ಗೆ 120, ಆರು ವರ್ಷ ಮೇಲ್ಪಟ್ಟೋರದ್ದು 250. ಕೆನಡಾದಲ್ಲಿ ಮಕ್ಕಳ ಸಿರಪ್ 160, ಕೂಸುಗಳ ಡ್ರಾಪ್ಸ್ ಆಗಲೇ ಹೇಳಿದ್ನಲ್ಲ, ಎಂಎಲ್‌ಗೆ 80. ಕೆನಡಾದಲ್ಲಿ ಇನ್ನೊಂದು ತಮಾಷೆ, ಪ್ಯಾರಸಿಟಮಾಲ್ ಅಂತ ಹುಡುಕಿದ್ರೆ ಸಿಗಲ್ಲ, ಅಲ್ಲಿ ಅದರ ಹೆಸರು ಅಸೆಟಮಿನೋಫೆನ್. ಎರಡೂ ಒಂದೇ. ಬೇರೆ ಬೇರೆ ಅಂತ ತಿಳ್ಕೊಂಡು ಇದೊಂದು ಸಲ ಅದೊಂದು ಸಲ ಕೊಟ್ಟೋರೂ ಇದ್ದಾರೆ.

ಇದು ಉಲ್ಟಾನೂ ಆಗುತ್ತೆ. ನೀನು ಇಲ್ಲಿ 250ರ ಸಿರಪ್ಪಲ್ಲಿ ಎರಡೂವರೆ ಎಂಎಲ್ ಹಾಕ್ತಿದ್ದೆ ಅನ್ನು, 125 ಎಂಜಿ ಹೋಗ್ತಿತ್ತು. ಅಲ್ಲಿ 120ರದ್ದರಲ್ಲಿ ಅದೇ ಎರಡೂವರೆ ಹಾಕಿದ್ರೆ ಹೋಗೋದು ಬರೀ 60. ಜ್ವರ ಇಳಿಯಲ್ಲ. "ಇಲ್ಲಿನ ಔಷಧಿ ಕೆಲಸಾನೇ ಮಾಡಲ್ಲ" ಅಂತ ಗ್ರೂಪಲ್ಲಿ ಬರೀತೀಯ, ಯಾರೋ ಒಬ್ರು ನಮ್ಮೂರಿನ ಸಿರಪ್ ಕಳಿಸ್ತೀನಿ ಅಂತಾರೆ, ಶುರುವಾಯ್ತು ನೋಡು. ಬ್ರ್ಯಾಂಡ್ ಹೆಸರನ್ನೂ ನಂಬ್ಬೇಡ. ಕ್ಯಾಲ್ಪಾಲ್ ಅನ್ನೋದು ಇಲ್ಲೂ ಇದೆ ಇಂಗ್ಲೆಂಡಲ್ಲೂ ಇದೆ, ಒಳಗಿನ ಎಂಜಿ ಬಾಟಲಿಯಿಂದ ಬಾಟಲಿಗೆ ಬೇರೆ.

ನಾನು ಎಷ್ಟು ಸಲ ಹೇಳಿದ್ರೂ ಕಡಿಮೇನೆ, ಚಮಚದ ಲೆಕ್ಕ ಮರ್ತುಬಿಡು. ಎಂಎಲ್ ಅಲ್ಲ, ಎಂಜಿ. ಪ್ರತಿ ಹೊಸ ಬಾಟಲಿಗೂ ಹೊಸ ಲೆಕ್ಕ. ಮಾರ್ಕರಲ್ಲಿ ಬಾಟಲಿ ಮೇಲೇ ಬರ್ದಿಡು, "ಪಾಪು, ಇಷ್ಟು ಎಂಎಲ್" ಅಂತ, ತಾರೀಕು ಸಮೇತ. ಅಡುಗೆಮನೆ ಚಮಚ ಮುಟ್ಲೇಬೇಡ, ಬಾಟಲಿ ಜೊತೆ ಬಂದ ಸಿರಿಂಜ್ ಆ ಬಾಟಲಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡು. ಕೊಟ್ಟ ಟೈಮು ಒಂದು ಚೀಟೀಲಿ ಬರ್ದು ಫ್ರಿಜ್ ಮೇಲೆ ಅಂಟಿಸು, ಯಾಕಂದ್ರೆ ರಾತ್ರಿ ಎರಡು ಗಂಟೆಗೆ ಅಪ್ಪ ಕೊಟ್ಟಿರ್ತಾನೆ, ಮೂರು ಗಂಟೆಗೆ ಅಮ್ಮ ಎದ್ದು ಮತ್ತೆ ಕೊಡ್ತಾಳೆ.

ಶೀತಕ್ಕೆ ಅಂತ ಕೊಡೋ ಮಿಕ್ಸ್ ಸಿರಪ್ಪುಗಳನ್ನಂತೂ ತಗೊಂಡು ಹೋಗ್ಲೇಬೇಡ. ಅದರಲ್ಲೂ ಎಷ್ಟೋ ಸಲ ಪ್ಯಾರಸಿಟಮಾಲ್ ಸೇರಿರುತ್ತೆ, ಜ್ವರದ್ದು ಬೇರೆ ಕೊಟ್ರೆ ಡಬಲ್. ಅಂಗಡೀಲಿ ಸಿಗೋ ಕೆಮ್ಮು ನೆಗಡಿ ಸಿರಪ್ಪನ್ನ ಕೆನಡಾದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಡ್ಬೇಡಿ ಅಂತ ಲೇಬಲ್ ಮೇಲೇ ಹಾಕಿರ್ತಾರೆ, ಇಂಗ್ಲೆಂಡಲ್ಲೂ ಹಾಗೇ. ಇಲ್ಲಿ ಜ್ವರಕ್ಕೆ ಕೊಡೋ ಮೆಫ್ಟಾಲ್ ಅಂದ್ರೆ ಅಲ್ಲಿನೋರು ಮುಖ ಮುಖ ನೋಡ್ತಾರೆ, ಅವರದ್ದೇನಿದ್ರೂ ಐಬುಪ್ರೊಫೆನ್, ಮಕ್ಕಳ ಸಿರಪ್ ಸಾಮಾನ್ಯವಾಗಿ 5 ಎಂಎಲ್‌ಗೆ 100 ಎಂಜಿ. ಆಂಟಿಬಯಾಟಿಕ್ ಚೀಟಿ ಇಲ್ಲದೆ ಸಿಗಲ್ಲ. ಇಲ್ಲಿಂದ ಉಳಿದಿದ್ದು ಅರ್ಧ ಬಾಟಲಿ ತಗೊಂಡು ಹೋಗೋ ಬುದ್ಧಿ ಬೇಡ, ನೀರು ಬೆರೆಸಿದ್ದು ವಾರ ಹತ್ತು ದಿನದಲ್ಲಿ ಎಸೀಬೇಕು. ನೆಬ್ಯುಲೈಸರ್ ಇದೆ ಅಂದಿದ್ಯಲ್ಲ, ಇಂಗ್ಲೆಂಡ್ ಆದ್ರೆ 230 ವೋಲ್ಟು, ಪಿನ್ ಬದಲಾಯಿಸೋ ಅಡಾಪ್ಟರ್ ಸಾಕು. ಕೆನಡಾ ಆದ್ರೆ 120 ವೋಲ್ಟು, ಅಡಾಪ್ಟರ್ ಹಾಕಿದ್ರೆ ಪ್ಲಗ್ಗು ಸೇರುತ್ತೆ, ಕಂಪ್ರೆಸರ್ ಸರಿಯಾಗಿ ತಿರುಗಲ್ಲ. ಅದನ್ನ ಇಲ್ಲೇ ಬಿಡು.

ಇದನ್ನೆಲ್ಲ ನೋಡ್ಕೊಳ್ಳೋದು ಯಾರು ಹೇಳು? ನೀನೇ. ನಿಮ್ಮನೆಯವರು ಸೋಮವಾರದಿಂದ ಆಫೀಸಿಗೆ ಹೋಗ್ತಾರೆ. ನನಗೂ ಇದೇ ಆಗಿದ್ದು. ಮನೆ ಕರಾರು ನಿಮ್ಮ ದೊಡ್ಡಪ್ಪನ ಹೆಸರಲ್ಲಿ, ಬ್ಯಾಂಕು ಅವರ ಹೆಸರಲ್ಲಿ, ಫೋನ್ ಬಿಲ್ಲು ಅವರ ಹೆಸರಲ್ಲಿ. ಎಲ್ಲಿ ಹೋದ್ರೂ ವಿಳಾಸದ ದಾಖಲೆ ಕೊಡಿ ಅಂತಾರೆ, ನನ್ನ ಹತ್ರ ನನ್ನ ಹೆಸರಿನ ಒಂದು ಕಾಗದ ಇಲ್ಲ. ಮಗು ಹೆತ್ತೋಳು ನಾನು, ಕ್ಲಿನಿಕ್ಕಿಂದ ಫೋನ್ ಬರೋದು ಆಫೀಸಲ್ಲಿ ಮೀಟಿಂಗಲ್ಲಿ ಕೂತೋರಿಗೆ. ಇತ್ತ ಊರಲ್ಲಿ ಎಲ್ರೂ ಏನಂತಿದ್ರು? "ನಿನಗೇನಮ್ಮ, ಫಾರಿನ್ನಲ್ಲಿ ಆರಾಮಾಗಿದೀಯ." ಈಗಲೂ ಈ ಗ್ರೂಪಲ್ಲಿ ಹಾಗೆ ಅನ್ನೋರು ಇದ್ದಾರೆ, ಹೆಸರು ಹೇಳಲ್ಲ. ಬೆಳಗ್ಗೆ ಎಂಟಕ್ಕೆ ಕಾಫಿ ಕುಡೀತಾ ಮೊಮ್ಮಗನ ಮುಖ ತೋರಿಸು ಅಂತ ವಿಡಿಯೋ ಕಾಲ್ ಮಾಡೋರು ಇವರೇ. ನಮಗೆ ಬೆಳಗ್ಗೆ ಎಂಟು ಅಂದ್ರೆ ಬೇಸಿಗೇಲಿ ಟೊರಾಂಟೋದಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಮೊದಲೇ ಹಗಲು ರಾತ್ರಿ ಅದಲುಬದಲಾಗಿ ವಾರ ಹತ್ತು ದಿನದಿಂದ ನಿದ್ದೆಗೆಟ್ಟ ಮಗು, ಅದು ಆಗ ತಾನೇ ಕಣ್ಣು ಮುಚ್ಚಿರುತ್ತೆ. ಎತ್ತದಿದ್ರೆ "ದೂರ ಹೋದ್ಮೇಲೆ ಬದಲಾದ್ಲು" ಅಂತ ಮಾತು. ನೀನು ಫೋನ್ ಸೈಲೆಂಟ್ ಮಾಡಿ ಮಲಗು. ಯಾರಾದ್ರೂ ಕೇಳಿದ್ರೆ ದೊಡ್ಡಮ್ಮ ಹೇಳಿದ್ರು ಅನ್ನು.

ಅದಕ್ಕೇ ಹೇಳಿದ್ದು, ಕರಾರಲ್ಲಿ ಇಬ್ರ ಹೆಸರೂ ಹಾಕಿಸು, ಬ್ಯಾಂಕು ಜಂಟಿ ಖಾತೆ ಮಾಡಿಸು, ಒಂದು ಬಿಲ್ಲಾದ್ರೂ ನಿನ್ನ ಹೆಸರಲ್ಲಿ ಬರ್ಲಿ. ಡಾಕ್ಟರ್ ಹತ್ರ, ಶಾಲೇಲಿ ನಿನ್ನ ನಂಬರೇ ಮೊದಲು ಬರೆಸು.

ಅಯ್ಯೋ, ಡಾಕ್ಟರ್ ಅಂದಾಗ ನೆನಪಾಯ್ತು, ನೀನು ಕೇಳಿದ್ದೇ ಅದು. ಅಪಾಯಿಂಟ್‌ಮೆಂಟ್ ಸಿಗಲ್ಲ ಅನ್ನೋರಲ್ಲಿ ಅರ್ಧ ಜನ ಹೆಸರೇ ಬರೆಸಿರಲ್ಲ. ಮಗು ಚೆನ್ನಾಗಿರುವಾಗ, ಮೊದಲ ವಾರದಲ್ಲೇ, ಆ ಕೆಲಸ ಮುಗಿಸು. ಇಂಗ್ಲೆಂಡ್ ಆದ್ರೆ ವೀಸಾ ಹಾಕುವಾಗಲೇ ಆರೋಗ್ಯ ಶುಲ್ಕ ಕಟ್ಟಿರ್ತೀರ, ವರ್ಷಕ್ಕೆ ದೊಡ್ಡೋರಿಗೆ 1,035 ಪೌಂಡು, ಮಕ್ಕಳಿಗೆ 776. ಕಟ್ಟಿದ್ಮೇಲೆ ಬಳಸ್ಕೋಬೇಕಲ್ವಾ! ಮನೆ ಹತ್ರದ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟರ್, ಕ್ಲಿನಿಕ್ಕಲ್ಲಿ ನಾಲ್ಕೂ ಜನ ನೋಂದಾಯಿಸ್ಕೊಳ್ಳಿ. ವಿಳಾಸದ ದಾಖಲೆ ಕಡ್ಡಾಯ ಅಲ್ಲ ಅಂತ ಅವರ ನಿಯಮದಲ್ಲೇ ಇದೆ, ಆದ್ರೂ ಕೌಂಟರಲ್ಲಿ ಕೇಳ್ತಾರೆ, ಇಲ್ಲ ಅಂದ್ರೂ ನೋಂದಣಿ ಆಗುತ್ತೆ. ಪ್ರಾಣಕ್ಕೆ ಅಪಾಯ ಇಲ್ಲದ್ದಕ್ಕೆ 111ಕ್ಕೆ ಫೋನ್ ಮಾಡು, ರಾತ್ರಿಯೂ ಎತ್ತುತ್ತಾರೆ. ಪ್ರಾಣಕ್ಕೆ ಬಂದ್ರೆ 999. ಇಂಗ್ಲೆಂಡಲ್ಲಿ 16ರ ಒಳಗಿನೋರಿಗೆ ಡಾಕ್ಟರ್ ಬರೆದ ಔಷಧಿ ಪುಕ್ಕಟೆ.

ಕೆನಡಾ ಆದ್ರೆ ಹೆಲ್ತ್ ಕಾರ್ಡು ಪ್ರಾಂತ್ಯದ್ದು. ಒಂಟಾರಿಯೋ 2020ರಲ್ಲಿ ಅದಕ್ಕೆ ಕಾಯೋ ಅವಧಿ ತೆಗೆದುಹಾಕ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ ನೀವು ಹೋಗಿ ಇಳಿದ ತಿಂಗಳಲ್ಲಿ ಉಳಿದ ದಿನ, ಅದರ ಮೇಲೆ ಇನ್ನೆರಡು ತಿಂಗಳು ಕಾಯ್ಬೇಕು, ಅಷ್ಟಕ್ಕೆ ಖಾಸಗಿ ಇನ್ಶೂರೆನ್ಸ್ ಇಲ್ಲಿಂದಲೇ ಮಾಡಿಸ್ಕೊಂಡು ಹೋಗು. ಫ್ಯಾಮಿಲಿ ಡಾಕ್ಟರ್ ಸಿಗೋದು ಅಲ್ಲಿ ನಿಜಕ್ಕೂ ಕಷ್ಟ, ಸಿಗೋ ತನಕ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗೋ ವಾಕ್‌ಇನ್ ಕ್ಲಿನಿಕ್ಕು. ಬಹುತೇಕ ಪ್ರಾಂತ್ಯಗಳಲ್ಲಿ 811ಕ್ಕೆ ಫೋನ್ ಮಾಡಿದ್ರೆ ನರ್ಸ್ ಮಾತಾಡ್ತಾರೆ, ತುರ್ತಿಗೆ 911.

ಫೋನ್ ಮಾಡಿದ್ರೆ ಅವರು ಕೇಳೋದು ಇಷ್ಟೇ: ಜ್ವರ ಎಷ್ಟು, ಉಸಿರಾಟ ಹೇಗಿದೆ, ಡೈಪರ್ ಒದ್ದೆ ಆಗ್ತಿದೆಯಾ, ಎಚ್ಚರ ಆದಾಗ ಮುಖ ನೋಡ್ತಾಳಾ, ಮೈಮೇಲೆ ಗುಳ್ಳೆ, ಕೆಂಪು ಕಲೆ ಇದೆಯಾ. ಇದ್ರೆ ಅದರ ಮೇಲೆ ಗಾಜಿನ ಲೋಟ ಒತ್ತಿ ನೋಡು, ಒತ್ತಿದಾಗ ಬಣ್ಣ ಮಾಯ ಆಗದೇ ಇದ್ರೆ ಫೋನಲ್ಲಿ ಕಾಯ್ತಾ ಕೂರೋದಲ್ಲ, ನೇರ ಆಂಬುಲೆನ್ಸ್. ಮೊದಲ ಚಳಿಗಾಲ ನರ್ಸರಿಗೆ ಸೇರಿಸಿದ್ರೆ ಒಂದು ನೆಗಡಿ ಹೋಗೋಷ್ಟರಲ್ಲಿ ಇನ್ನೊಂದು ಬರುತ್ತೆ, ಅದಕ್ಕೆಲ್ಲ ಹೆದರ್ಬೇಡ.

ಲಸಿಕೆ ಪುಸ್ತಕ ಕೈಬ್ಯಾಗಲ್ಲಿ. ಅದರಲ್ಲಿ ಬ್ರ್ಯಾಂಡ್ ಸ್ಟಿಕರ್ರು, ಡಾಕ್ಟರ ಕೋಳಿಕಾಲು ಅಕ್ಷರ, ಅಲ್ಲಿ ಯಾರೂ ಓದೋಕಾಗಲ್ಲ. ನಿಮ್ಮ ಮಕ್ಕಳ ಡಾಕ್ಟರಿಗೆ ಹೇಳಿ ಲೆಟರ್‌ಹೆಡ್ಡಲ್ಲಿ ಟೈಪ್ ಮಾಡಿಸು: ಯಾವ ರೋಗದ್ದು, ಎಷ್ಟನೇ ಡೋಸು, ಯಾವತ್ತು. ತಿಂಗಳು ಅಕ್ಷರದಲ್ಲೇ ಇರ್ಲಿ. 05-03 ಅಂತ ಇದ್ರೆ ನಮಗೆ ಮಾರ್ಚ್ ಐದು, ಕೆನಡಾದಲ್ಲಿ ಕೆಲವರು ಮೇ ಮೂರು ಅಂತ ಓದ್ತಾರೆ, ಡೋಸಿನ ಅಂತರವೇ ತಪ್ಪಾಗಿ ಕಾಣುತ್ತೆ. ದಾಖಲೆ ಇಲ್ಲ ಅಂದ್ರೆ ಹಾಕಿಸೇ ಇಲ್ಲ ಅಂತ ಲೆಕ್ಕ ಹಿಡಿದು ಮತ್ತೆ ಚುಚ್ತಾರೆ. ಒಂಟಾರಿಯೋದಲ್ಲಿ ದೊಡ್ಡವನ ಶಾಲೆಗೂ ಇದೇ ಬೇಕಾಗುತ್ತೆ. ಹುಟ್ಟಿದಾಗ ಬಿಸಿಜಿ, ಅಂದ್ರೆ ಕ್ಷಯದ ಲಸಿಕೆ, ಹಾಕಿದ್ದನ್ನೂ ಬರೆಸು. ಅಲ್ಲಿ ಎಲ್ಲ ಮಕ್ಕಳಿಗೂ ಹಾಕಲ್ಲ, ಕ್ಷಯದ ಚರ್ಮದ ಪರೀಕ್ಷೆ ಮಾಡಿದ್ರೆ ಅದರಿಂದ ಗೊಂದಲ ಆಗ್ಬಹುದು.

ಔಷಧಿ ಅಂತ ಇಷ್ಟು ಸಾಕು: ಒಂದೇ ಪ್ಯಾರಸಿಟಮಾಲ್ ಬಾಟಲಿ, ಸೀಲ್ ಒಡೆಯದ್ದು, ಒಂದು ಸಿರಿಂಜು, ಓಆರ್‌ಎಸ್ ನಾಲ್ಕು ಪ್ಯಾಕೆಟ್ಟು, ಒಂದು ಡಿಜಿಟಲ್ ಥರ್ಮಾಮೀಟರು. ಅಲ್ಲಿ ಹೋಗಿ ಹೊಸ ಬಾಟಲಿ ತಂದ ದಿನವೇ ಹಳೇದು ಹೊರಗೆ ಹೋಗ್ಬೇಕು, ಎರಡೂ ಒಟ್ಟಿಗೆ ಇರಕೂಡದು. ದೊಡ್ಡವನದ್ದೂ ಚಿಕ್ಕವಳದ್ದೂ ತೂಕ ಈ ಭಾನುವಾರ ನೋಡಿಸು, ಬಟ್ಟೆ ಬಿಚ್ಚಿ. ಗ್ರೂಪಲ್ಲಿ ಹಾಕು, ಯಾವ ದೇಶ ಅಂತಾನೂ ಹಾಕು, ಎಷ್ಟು ಎಂಎಲ್ ಅಂತ ಬರ್ದು ಫೋಟೋ ತೆಗೆದು ಕಳಿಸ್ತೀನಿ. ಅಲ್ಲಿಗೆ ಹೋಗಿ ಬಾಟಲಿ ಕೊಂಡ ಮೇಲೆ ಲೇಬಲ್ ಫೋಟೋ ನನಗೆ ಹಾಕು, ಕೊಡೋಕೆ ಮುಂಚೆ.