ಕಾರು ಚೆನ್ನಾಗಿದೆ, ಸುಮ್ಮನೆ ಇರುವುದಿಲ್ಲ ಅಷ್ಟೇ: ಬಿಎಂಡಬ್ಲ್ಯೂ ತ್ರೀ ಸೀರೀಸ್, ಮರ್ಸಿಡಿಸ್ ಸಿ-ಕ್ಲಾಸ್, ಆಡಿ ಎ4ರಲ್ಲಿ ಯಾವುದು?

ಆಲ್ದೂರು ರೋಬಸ್ಟಾ ಕೇಳಿದ್ದು:

ನನ್ನ 2014ರ ಬಿಎಂಡಬ್ಲ್ಯೂ 320ಡಿಗೆ ಈಗ 1 ಲಕ್ಷದ 82 ಸಾವಿರ ಕಿಲೋಮೀಟರ್ ಆಗಿದೆ. ಎಂಜಿನ್ ಗಟ್ಟಿಯಾಗಿದೆ. ರಬ್ಬರ್ ಬುಷ್‌ಗಳು ಮಾತ್ರ ಒಂದೊಂದಾಗಿ ವಯಸ್ಸು ಹೇಳುತ್ತಿವೆ, ನನ್ನ ಮೊಣಕಾಲಿನ ಹಾಗೆ. ಎರಡು ವರ್ಷ ಕಾಫಿಗೆ ಒಳ್ಳೆಯ ರೇಟು ಸಿಕ್ಕಿತು. "ಈಗಲಾದರೂ ಕಾರು ಬದಲಾಯಿಸಿ, ಇಲ್ಲದಿದ್ದರೆ ಆ ದುಡ್ಡೂ ಬೋರ್‌ವೆಲ್ ಗುಂಡಿಗೇ ಹೋಗುತ್ತದೆ" ಎಂದು ಮನೆಯವಳೇ ಹೇಳಿದ್ದಾಳೆ. ಇಂಥ ಅನುಮತಿ ಪದೇ ಪದೇ ಸಿಗುವುದಿಲ್ಲ.

ಎಸ್‌ಯುವಿ ತಗೊಳ್ಳಿ ಅಂತ ದಯವಿಟ್ಟು ಯಾರೂ ಬರೆಯಬೇಡಿ. ತೋಟಕ್ಕೆ ಜೀಪಿದೆ. ನನಗೆ ಬೇಕಿರುವುದು ತಗ್ಗಿನಲ್ಲಿ ಕೂತು ಓಡಿಸುವ ಕಾರು. ಬೆಳಿಗ್ಗೆ ಆರಕ್ಕೆ ಹೊರಟು ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ತಿರುವುಗಳಲ್ಲಿ ಒಂದು ಖುಷಿ ಇರುತ್ತಲ್ಲ, ಅದು ಎತ್ತರದ ಗಾಡಿಯಲ್ಲಿ ಸಿಗುವುದಿಲ್ಲ. ಮಂಗಳೂರಿನಲ್ಲಿ ಮಗಳಿದ್ದಾಳೆ. ತಿಂಗಳಿಗೆ ಎರಡು ಸಲವಾದರೂ ಆ ದಾರಿ.

ನೆಂಟರಲ್ಲಿ, ಪಕ್ಕದ ತೋಟದವರಲ್ಲಿ ಈಗ ಇಂಥ ಕಾರುಗಳು ಬೇಕಾದಷ್ಟಿವೆ. ಹಾಗಾಗಿ ಶೋರೂಮಿನ ಹುಡುಗ ಪಕ್ಕದಲ್ಲಿ ಕೂತು ಹೊಗಳುವ ತಾಪತ್ರಯವಿಲ್ಲದೆ ನಾಲ್ಕು ಕಾರು ಓಡಿಸಿ ನೋಡಿದೆ, ನಮ್ಮ ರಸ್ತೆಯಲ್ಲೇ, ನಮ್ಮ ಮಳೆಯಲ್ಲೇ.

ಓಡಿಸುವ ವಿಷಯದಲ್ಲಿ ದೂರಿಲ್ಲ. ಈಗಿನ ತ್ರೀ ಸೀರೀಸ್ ಆದ 330ಎಲ್‌ಐನ 2 ಲೀಟರ್ ಪೆಟ್ರೋಲ್‌ಗೆ 258 ಅಶ್ವಶಕ್ತಿ. ನನ್ನ ಹಳೆ ಡೀಸೆಲ್‌ಗೆ 184. ಕಾಲಿಟ್ಟ ಕೂಡಲೇ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ. ಸಿ-ಕ್ಲಾಸ್ ಒಳಗೆ ಕೂತರೆ ದೊಡ್ಡ ಹೋಟೆಲಿನ ಲಾಬಿಯಲ್ಲಿ ಕೂತ ಹಾಗೆ. ಎ4 ಸದ್ದಿಲ್ಲದ ಗಾಡಿ, ಬಾಗಿಲು ಹಾಕಿದರೆ ಬ್ಯಾಂಕಿನ ಲಾಕರ್ ಮುಚ್ಚಿದಂತೆ ಶಬ್ದ. ಮುಂದಿನ ಚಕ್ರ ಎಳೆಯುವ ಗಾಡಿ ಎಂಬುದೊಂದು ನನಗೆ ಅಡ್ಡ ಬಂತು, ನನ್ನ ಬಿಎಂಡಬ್ಲ್ಯೂನಂತೆ ಹಿಂದಿನ ಚಕ್ರ ತಳ್ಳುವ ಗಾಡಿಯ ಹಳೇ ಚಟ.

ತಲೆನೋವು ಬೇರೆಯದು. ನಾಲ್ಕರಲ್ಲಿ ಒಂದು ಕಾರನ್ನು ಜುಲೈನಲ್ಲಿ ಓಡಿಸಿದೆ. ಯಾವುದೆಂದು ಬರೆಯುವುದಿಲ್ಲ, ಅದರ ಮಾಲೀಕ ಅಣ್ಣನ ಮಗ, ಇಲ್ಲಿ ಎಲ್ಲ ಓದುತ್ತಾನೆ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು, ನೆನೆದ ಜಾಕೆಟ್ ಹಾಕಿಕೊಂಡೇ ಇಬ್ಬರೂ ಒಳಗೆ ಕೂತೆವು. ಎರಡು ನಿಮಿಷದಲ್ಲಿ ಗಾಜಿನ ತುಂಬ ಹಬೆ. ಹೊರಗೆ ಮಂಜು, ಒಳಗೆ ಹಬೆ, ಎದುರಿನಿಂದ ಬಸ್ಸು. ನನ್ನ ಕಾರಾಗಿದ್ದರೆ ಕಣ್ಣು ರಸ್ತೆಯಲ್ಲೇ ಇರುತ್ತಿತ್ತು, ಕೈ ಹೋಗಿ ಗುಂಡಿ ಒತ್ತುತ್ತಿತ್ತು. ಇಲ್ಲಿ ಪರದೆ ತುಂಬ ಮೊಬೈಲಿನ ಮ್ಯಾಪು. ಅದನ್ನು ಸರಿಸಬೇಕು, ಏಸಿಯ ಪುಟ ತೆಗೆಯಬೇಕು, ಅದರೊಳಗೆ ಗಾಜಿನ ಚಿತ್ರ ಹುಡುಕಬೇಕು. ಒದ್ದೆ ಬೆರಳು ಅದಕ್ಕೆ ಗೊತ್ತೇ ಆಗುತ್ತಿಲ್ಲ. ಮೂರು ಸಲ ಒತ್ತಿದೆ, ಸೀಟು ಬಿಸಿಯಾಗತೊಡಗಿತು. ಕೊನೆಗೆ ಅಣ್ಣನ ಮಗ ತನ್ನ ಅಂಗಿಯ ತೋಳಿನಲ್ಲೇ ಗಾಜು ಒರೆಸಿದ. ಇಷ್ಟು ಲಕ್ಷದ ಕಾರು!

ಇನ್ನೊಂದರಲ್ಲಿ ಕೈ ಗಾಳಿಯಲ್ಲಿ ತಿರುಗಿಸಿದರೆ ಹಾಡಿನ ಸದ್ದು ಜಾಸ್ತಿಯಾಗುವ ವಿದ್ಯೆ ಇತ್ತು. ಮುಂದೆ ನಮ್ಮ ಭಾವ ಕೂತಿದ್ದರು. ಅವರು ಕೈ ಆಡಿಸದೆ ಮಾತಾಡುವವರೇ ಅಲ್ಲ. ಮೆಣಸಿನ ರೇಟು ವಿವರಿಸುವಷ್ಟರಲ್ಲಿ ಸ್ಪೀಕರ್ ಹರಿಯುವ ಹಾಗಾಯಿತು.

ಹಾಗಾಗಿ ಪ್ರಶ್ನೆ ಇಷ್ಟೇ. 0ಯಿಂದ 100ಕ್ಕೆ ಎಷ್ಟು ಸೆಕೆಂಡು ಎಂಬುದು ಬೇಡ. ಇವುಗಳಲ್ಲಿ ನನ್ನ ಪಾಡಿಗೆ ನನ್ನನ್ನು ಬಿಡುವ ಕಾರು ಯಾವುದು?

---

ಹಾಸನ ಟು ನೆಲಮಂಗಲ:

ಸರ್, ನಿಮ್ಮ ಭಾವನ ಕಥೆ ಓದಿ ಆಫೀಸಿನಲ್ಲಿ ನಕ್ಕು ಸಿಕ್ಕಿಬಿದ್ದೆ.

ನಾನು ವಾರಕ್ಕೆ ಎರಡು ಸಲ ಹಾಸನ–ಬೆಂಗಳೂರು ಓಡಾಡುವವನು. ನನ್ನದು ನೀವು ಹೇಳಿದ ಮೂರರಲ್ಲಿ ಯಾವುದೂ ಅಲ್ಲ, ಅದೇ ಜಾತಿಯ ಬೇರೆ ಕಂಪನಿಯದು. ಅದಕ್ಕೆ ಲೇನ್ ಹಿಡಿದುಕೊಳ್ಳುವ ಚಾಳಿ ಇದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಒಂದು ಸಂಜೆ ಶುಂಠಿ ತುಂಬಿದ ಟ್ರ್ಯಾಕ್ಟರು, ಹಿಂದೆ ಒಂದು ಲೈಟೂ ಇಲ್ಲ. ಕಂಡ ಕೂಡಲೇ ಬಲಕ್ಕೆ ತಿರುಗಿಸಿದೆ. ಇಂಡಿಕೇಟರ್ ಹಾಕುವಷ್ಟು ಹೊತ್ತಿರಲಿಲ್ಲ. ಇಂಡಿಕೇಟರ್ ಹಾಕದಿದ್ದರೆ ಗಾಡಿಗೆ ನಾವು ತೂಕಡಿಸಿ ಗೆರೆ ದಾಟುತ್ತಿದ್ದೇವೆ ಅನ್ನಿಸುತ್ತದೆ. ಸ್ಟೀರಿಂಗನ್ನು ವಾಪಸ್ಸು ಎಡಕ್ಕೆ, ಟ್ರ್ಯಾಕ್ಟರಿನ ಕಡೆಗೇ ಎಳೆಯಿತು. ಅದರ ಬಲ ದೊಡ್ಡದಲ್ಲ, ನಾನು ಒತ್ತಿ ಹಿಡಿದೆ, ಏನೂ ಆಗಲಿಲ್ಲ. ಆದರೆ ಆ ಅರೆ ಸೆಕೆಂಡು ನನ್ನ ಕಾರು ಯಾರ ಕಡೆ ಎಂಬ ಅನುಮಾನ ಬಂದದ್ದು ಇನ್ನೂ ಹೋಗಿಲ್ಲ.

80 ದಾಟಿದರೆ ಬರುವ ಬೀಪ್‌ಗೆ ಮಾತ್ರ ಕಂಪನಿಯನ್ನು ಬೈಯಬೇಡಿ. ಅದು ನಮ್ಮ ಸರ್ಕಾರದ ನಿಯಮ, 2019ರ ಜುಲೈನಿಂದ ಎಲ್ಲ ಹೊಸ ಕಾರಿಗೂ ಇದೆ. 80ರ ಮೇಲೆ ಆಗಾಗ, 120ರ ಮೇಲೆ ಬಿಡದೆ. ನಿಮ್ಮ 2014ರ ಗಾಡಿಗೆ ಆ ಕಾಟ ಇಲ್ಲ, ಅದೃಷ್ಟವಂತರು. ಯುರೋಪಿನವರ ಪಾಡು ಇನ್ನೂ ಕಷ್ಟ. ಅಲ್ಲಿ 2024ರ ಜುಲೈನಿಂದ ಆಯಾ ರಸ್ತೆಯ ವೇಗಮಿತಿ ನೋಡಿ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಆಫ್ ಮಾಡಿದರೂ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಮತ್ತೆ ಹಾಜರ್.

ಪರದೆಯ ವಿಷಯ ನಿಮ್ಮ ವಯಸ್ಸಿನ ದೋಷ ಅಲ್ಲ. ಸ್ವೀಡನ್ನಿನ ಒಂದು ಕಾರು ಪತ್ರಿಕೆ 2022ರಲ್ಲಿ ಪರೀಕ್ಷೆ ಮಾಡಿತ್ತು. 110ರ ವೇಗದಲ್ಲಿ ಹೋಗುತ್ತ ಏಸಿ, ರೇಡಿಯೊ, ಲೈಟು ಅಂತ ನಾಲ್ಕು ಸಣ್ಣ ಕೆಲಸ ಮಾಡಬೇಕು. ಗುಂಡಿಗಳಿರುವ 2005ರ ವೋಲ್ವೊದಲ್ಲಿ 10 ಸೆಕೆಂಡಿನಲ್ಲಿ ಮುಗಿಯಿತು. ಪರದೆಯ ಕಾರುಗಳಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದದ್ದಕ್ಕೆ 44 ಸೆಕೆಂಡಿಗಿಂತ ಜಾಸ್ತಿ ಬೇಕಾಯಿತು. ಅಷ್ಟರಲ್ಲಿ ಗಾಡಿ 1 ಕಿಲೋಮೀಟರಿಗಿಂತ ಮುಂದೆ ಹೋಗಿತ್ತು. ಚಾರ್ಮಾಡಿಯಲ್ಲಿ 1 ಕಿಲೋಮೀಟರ್ ಅಂದರೆ ಎಷ್ಟು ತಿರುವು, ನೀವೇ ಹೇಳಿ.

---

ವೀಕೆಂಡ್ ಚಿಕ್ಕಮಗಳೂರು:

ನಾನೊಬ್ಬಳು ಎದುರು ಮಾತಾಡುತ್ತೇನೆ, ಬೈಯಬೇಡಿ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಒಬ್ಬಳೇ ಓಡಿಸಿಕೊಂಡು ಬರುತ್ತೇನೆ. ಬೇಲೂರಿನ ಈಚೆ ಕತ್ತಲಲ್ಲಿ ತಾನೇ ಬಾಗುವ ಹೆಡ್‌ಲೈಟು, ಎಂಜಿ ರಸ್ತೆಯಲ್ಲಿ ಪಾರ್ಕ್ ಮಾಡುವಾಗ ಸುತ್ತಲೂ ತೋರಿಸುವ ಕ್ಯಾಮೆರಾ, ಟ್ರಾಫಿಕ್‌ನಲ್ಲಿ ಕಾಲು ತೆಗೆದರೂ ನಿಲ್ಲುವ ಬ್ರೇಕು, ಇವೆಲ್ಲ ನಿಮಗೆ ಕಿರಿಕಿರಿ ಲೆಕ್ಕದಲ್ಲೇ ಬರುತ್ತವಾ? ನನಗಂತೂ ಬೇಕು.

ಅಣ್ಣನ ಮಗನ ಕಾರನ್ನು ಒಂದು ದಿನ ಓಡಿಸಿ ತೀರ್ಪು ಕೊಟ್ಟಿದ್ದೀರಿ. ಸ್ವಂತದ್ದಾದರೆ ಅರ್ಧ ಗಂಟೆ ಅಂಗಳದಲ್ಲಿ ಕೂತು ಬೇಡದ್ದನ್ನೆಲ್ಲ ಆರಿಸಿ, ಬೇಕಾದ್ದಕ್ಕೆ ಶಾರ್ಟ್‌ಕಟ್ ಮಾಡಿಕೊಳ್ಳಬಹುದು. ಗಾಳಿಯಲ್ಲಿ ಕೈ ಆಡಿಸುವುದನ್ನೂ ಆಫ್ ಮಾಡಬಹುದು. ಭಾವನನ್ನು ಹಿಂದೆ ಕೂರಿಸಬೇಕಿಲ್ಲ.

ಒಂದನ್ನು ಒಪ್ಪುತ್ತೇನೆ. ಈಗಿನ ಸಿ-ಕ್ಲಾಸಿನ ಸ್ಟೀರಿಂಗ್ ಮೇಲಿರುವುದು ಒತ್ತುವ ಗುಂಡಿ ಅಲ್ಲ, ಬೆರಳು ಸವರುವ ಪಟ್ಟಿ. ತಿರುವಿನಲ್ಲಿ ಕೈ ತಾಗಿ ಸದ್ದು ಏರಿಳಿಯುತ್ತದೆ ಎಂಬ ದೂರು ಲೋಕದ ಎಲ್ಲ ಕಡೆ ಇದೆ. ಘಾಟಿಯಲ್ಲಿ ಓಡಿಸುವವರು ಅದನ್ನು ಮೊದಲು ನೋಡಿಕೊಳ್ಳಬೇಕು.

---

ಬಿಎಂ ರಸ್ತೆ ಗ್ಯಾರೇಜು:

ಹಾಸನದಲ್ಲಿ ಜರ್ಮನ್ ಗಾಡಿ ಬಿಚ್ಚಿ ಜೋಡಿಸುವುದೇ ನನ್ನ ಹೊಟ್ಟೆಪಾಡು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಸ್ಟಾರ್ಟ್-ಸ್ಟಾಪ್. ಸಿಗ್ನಲ್‌ನಲ್ಲಿ ಎಂಜಿನ್ ಆರುವುದು. ಬಂದವರೆಲ್ಲ ಕೇಳುವುದು ಒಂದೇ: "ಇದನ್ನು ಶಾಶ್ವತವಾಗಿ ಆರಿಸಿ ಕೊಡಿ." ಕಂಪನಿಯವರು ಯಾಕೆ ಹಾಗೆ ಕೊಡುವುದಿಲ್ಲ ಎಂದರೆ, ಹೊಗೆ ಮತ್ತು ಮೈಲೇಜಿನ ಪರೀಕ್ಷೆಯಲ್ಲಿ ಗಾಡಿ ಸ್ಟಾರ್ಟ್ ಆದಾಗ ಯಾವ ಸ್ಥಿತಿಯಲ್ಲಿ ಇರುತ್ತದೋ ಅದೇ ಲೆಕ್ಕ. ಅದಕ್ಕೇ ಪ್ರತಿ ಸಲವೂ ಅದು ಆನ್ ಆಗಿಯೇ ಏಳುತ್ತದೆ. ಲ್ಯಾಪ್‌ಟಾಪ್ ಹಾಕಿ ಕೋಡಿಂಗ್ ಬದಲಿಸುವವರಿದ್ದಾರೆ. ವಾರಂಟಿ ಇರುವಾಗ ಬೇಡ. ಬ್ಯಾಟರಿಯೂ ಮಾಮೂಲಿಯದಲ್ಲ, ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಡೆಯುವ ಎಜಿಎಂ ಜಾತಿಯದು. ಬದಲಿಸಿದರೆ ಗಾಡಿಯ ಕಂಪ್ಯೂಟರಿಗೆ ಹೊಸ ಬ್ಯಾಟರಿ ಬಂದಿದೆ ಎಂದು ದಾಖಲು ಮಾಡಬೇಕು. ಮಾಡದಿದ್ದರೆ ಹಳೆಯದಕ್ಕೆ ಚಾರ್ಜ್ ಕೊಟ್ಟ ಹಾಗೇ ಹೊಸದಕ್ಕೂ ಕೊಡುತ್ತದೆ, ಬೇಗ ಹಾಳಾಗುತ್ತದೆ. ಅಂಗಡಿಯಲ್ಲಿ ಅಗ್ಗದ್ದು ತಂದು ಹಾಕಿಸಿಕೊಂಡು ಆರು ತಿಂಗಳಿಗೆ ನನ್ನ ಹತ್ತಿರ ಬರುವವರಿದ್ದಾರೆ.

ಎರಡನೆಯದು ಯಾರೂ ಕೇಳದ ವಿಷಯ, ಉದ್ದ. ಈಗ ನಮ್ಮಲ್ಲಿ ಸಿಗುವ 330ಎಲ್‌ಐ ಉದ್ದ ಮಾಡಿದ ಗಾಡಿ. ಚಕ್ರದಿಂದ ಚಕ್ರಕ್ಕೆ 2,961 ಮಿಲಿಮೀಟರ್. ಮಾಮೂಲಿ ತ್ರೀ ಸೀರೀಸಿಗೆ 2,851. ಹಿಂದೆ ಕೂರುವವರಿಗೆ ಸ್ವರ್ಗ. ಆದರೆ ನಿಮ್ಮ ಕಡೆಯ ಹಂಪು ಹತ್ತುವಾಗ ಹೊಟ್ಟೆ ತಾಗುವುದು ನಡು ಉದ್ದ ಇರುವ ಗಾಡಿಗೇ. ತೋಟದ ಗೇಟಿನಿಂದ ಮನೆವರೆಗಿನ ದಾರಿ ಹೇಗಿದೆ ಎಂದು ನೀವು ಬರೆದಿಲ್ಲ.

ರನ್‌ಫ್ಲಾಟ್ ಟೈರ್ ಇರುವ ಗಾಡಿಯಾದರೆ ಪಂಕ್ಚರ್ ಆದರೂ 80ರ ವೇಗ ಮೀರದೆ ಸುಮಾರು 80 ಕಿಲೋಮೀಟರ್ ಹೋಗಬಹುದು. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಸಾಕು. ಆದರೆ ಪಕ್ಕದ ಗೋಡೆ ಗಡುಸು, ಕಿತ್ತ ಡಾಂಬರಿನಲ್ಲಿ ಸೊಂಟಕ್ಕೆ ಗೊತ್ತಾಗುತ್ತದೆ. ಪೇಟೆಯ ಎಲ್ಲ ಪಂಕ್ಚರ್ ಅಂಗಡಿಯವರಿಗೂ ರಿಮ್‌ನಿಂದ ಅದನ್ನು ಬಿಡಿಸಲು ಬರುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಹೊಸದೇ ಬೇಕೆಂದರೆ ಎ4. ಏಸಿಗೆ ನಿಜವಾದ ಗುಂಡಿ, ತಿರುಗಣೆ ಇವೆ. ಕತ್ತಲಲ್ಲೂ ಕೈಗೆ ಸಿಗುತ್ತವೆ. ದರ ಐವತ್ತು ಲಕ್ಷದ ಆಸುಪಾಸು, ಉಳಿದೆರಡು ಅರವತ್ತರ ಆಸುಪಾಸು. ಹೊರದೇಶದಲ್ಲಿ 2024ರಲ್ಲೇ ಅದರ ಜಾಗಕ್ಕೆ ಎ5 ಬಂದಿದೆ, ಆದ್ದರಿಂದ ಹಳೆ ಕಾಲದ ಒಳಾಂಗಣ ಅನ್ನುತ್ತಾರೆ. ನಿಮಗೆ ಬೇಕಾದದ್ದೂ ಅದೇ ಅಲ್ವಾ?

ಹಿಂದಿನ ಚಕ್ರದ ಚಟ ಬಿಡದಿದ್ದರೆ ಸೆಕೆಂಡ್ ಹ್ಯಾಂಡ್ ತ್ರೀ ಸೀರೀಸ್ ನೋಡಿ. 2022ರ ಬದಲಾವಣೆಗೆ ಮುಂಚಿನದು. ಆ ಬದಲಾವಣೆಯಲ್ಲಿ 14.9 ಇಂಚಿನ ಬಾಗಿದ ಪರದೆ ಬಂತು, ಏಸಿಯ ಗುಂಡಿಗಳು ಪರದೆಯೊಳಗೆ ಹೋದವು. ಅದಕ್ಕೂ ಹಿಂದಿನದರಲ್ಲಿ ಏಸಿ ಗುಂಡಿ, ಪರದೆಯನ್ನು ಮುಟ್ಟದೆ ನಡೆಸಲು ತಿರುಗಿಸುವ ಐಡ್ರೈವ್ ಗುಬ್ಬಿ, 1ರಿಂದ 8ರವರೆಗಿನ ಗುಂಡಿ ಎಲ್ಲ ಇವೆ. 2021ರ ಮಾರ್ಚಿನಲ್ಲಿ ಬಂದ ಎಂ340ಐ ಸಿಕ್ಕರೆ ಬಿಡಬೇಡಿ. 3 ಲೀಟರ್, ಸಾಲಾಗಿ ಆರು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಶಕ್ತಿ, ಉದ್ದವೂ ಮಾಮೂಲಿ. ಒಂದೇ ತೊಂದರೆ, ಬಾನೆಟ್ ಎತ್ತಿದಾಗ ಗ್ಯಾರೇಜಿನ ಹುಡುಗರೆಲ್ಲ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ.

---

ಹಾಸನ ಟು ನೆಲಮಂಗಲ:

ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು ಲಾಭ. ಹೊಸದಕ್ಕೆ ಕರ್ನಾಟಕದಲ್ಲಿ 20 ಲಕ್ಷದ ಮೇಲೆ ರಸ್ತೆ ತೆರಿಗೆ ಶೇಕಡಾ 18, ಮೇಲೆ ಸೆಸ್ಸು. 60 ಲಕ್ಷಕ್ಕೆ 10 ಲಕ್ಷದ 80 ಸಾವಿರ ಬರೀ ತೆರಿಗೆ. ರಾಜ್ಯದೊಳಗಿನ ಗಾಡಿಯಾದರೆ ಅದನ್ನು ಮೊದಲ ಮಾಲೀಕ ಕಟ್ಟಿರುತ್ತಾನೆ.

ಗುಂಡಿ ವಾಪಸ್ಸು ಬರುವ ಲಕ್ಷಣವೂ ಇದೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯೂರೊ ಎನ್‌ಕ್ಯಾಪ್‌ನವರು 2026ರಿಂದ ಪೂರ್ತಿ 5 ಸ್ಟಾರ್ ಬೇಕಾದರೆ ಇಂಡಿಕೇಟರ್, ಹಾರ್ನ್, ವೈಪರ್, ಹಝಾರ್ಡ್ ಲೈಟ್, ತುರ್ತು ಕರೆಗೆ ಕೈಗೆ ಸಿಗುವ ಗುಂಡಿ ಇರಲಿ ಎಂದಿದ್ದಾರೆ. ಹಬೆ ತೆಗೆಯುವ ಗುಂಡಿ ಆ ಪಟ್ಟಿಯಲ್ಲಿಲ್ಲ ನೋಡಿ. ಅವರು ಯಾರೂ ಜುಲೈನಲ್ಲಿ ಕೊಟ್ಟಿಗೆಹಾರಕ್ಕೆ ಬಂದಿಲ್ಲ.

---

ಆಲ್ದೂರು ರೋಬಸ್ಟಾ:

ಎಲ್ಲರಿಗೂ ಥ್ಯಾಂಕ್ಸ್. ಗ್ಯಾರೇಜಿನವರೇ, ಗೇಟಿನಿಂದ ಮನೆಗೆ ಮುನ್ನೂರು ಮೀಟರ್, ನಡುವೆ ನೀರು ಹರಿಯಲು ಅಡ್ಡ ಕಟ್ಟಿದ ಎರಡು ದಿಣ್ಣೆ. 320ಡಿ ಓರೆ ಮಾಡಿ ಹತ್ತಿಸಿದರೆ ತಾಗದೆ ಹೋಗುತ್ತದೆ. ಟೇಪ್ ಹಿಡಿದು ಅಳೆದೆ. ಉದ್ದದ ಗಾಡಿ ಅನುಮಾನ. ದಿಣ್ಣೆ ಕಡಿಸಿದರೆ ಮಳೆನೀರು ನೇರ ಕಾಫಿ ಒಣಗಿಸುವ ಕಣಕ್ಕೆ ಬರುತ್ತದೆ, ಆದ್ದರಿಂದ 330ಎಲ್‌ಐ ಅಲ್ಲಿಗೇ ಮುಗಿಯಿತು.

ವೀಕೆಂಡ್ ಅವರೇ, ನಿಮ್ಮ ಮಾತಿಗೂ ಬೆಲೆ ಇದೆ. ಹೆಡ್‌ಲೈಟಿನ ವಿಷಯದಲ್ಲಿ ಸೋತೆ. ಅಣ್ಣನ ಮಗನ ಹತ್ತಿರವೂ ಮಾತಾಡಿದೆ. ಅವನು ಶಾರ್ಟ್‌ಕಟ್ ಮಾಡಿ ಇಟ್ಟುಕೊಂಡಿದ್ದಾನಂತೆ, ನನಗೆ ಹೇಳಿರಲಿಲ್ಲ ಅಷ್ಟೇ. ಅಂದರೆ ಅವತ್ತು ಅಂಗಿ ತೋಳಿನಲ್ಲಿ ಒರೆಸಿದ್ದು ಯಾಕೆ ಅಂತ ಕೇಳಿದೆ. ಗಾಬರಿಯಲ್ಲಿ ಅವನಿಗೂ ಮರೆತುಹೋಯಿತಂತೆ.

1ರಿಂದ 8ರ ಗುಂಡಿ ಓದಿದ ಮೇಲೆ ಮನಸ್ಸು ಅತ್ತ ಹೊರಳಿದೆ. ನನ್ನ ಗಾಡಿಯಲ್ಲೂ ಅವಿವೆ. 1ರಲ್ಲಿ ಹಾಸನ ಆಕಾಶವಾಣಿ, 2ರಲ್ಲಿ ಮಗಳ ಮನೆಯ ದಾರಿ, 3ರಲ್ಲಿ ಅವಳ ಫೋನ್ ನಂಬರ್. ಹನ್ನೊಂದು ವರ್ಷದಿಂದ ನೋಡದೆಯೇ ಒತ್ತುತ್ತಿದ್ದೇನೆ.

ಬೆಂಗಳೂರಿನಲ್ಲಿ ಒಂದು 2021ರ ಎಂ340ಐ ಇದೆ, 38 ಸಾವಿರ ಓಡಿದೆ, ಒಬ್ಬರೇ ಮಾಲೀಕರು. ಭಾನುವಾರ ನೋಡಲು ಹೋಗುತ್ತಿದ್ದೇನೆ. ಅದೇ ದಿನ ಒಂದು ಎ4 ಕೂಡ ಓಡಿಸಿ ಬರುತ್ತೇನೆ. ಜೇಬಿನಲ್ಲಿ ಒಂದು ಒದ್ದೆ ಕರವಸ್ತ್ರ ಇರುತ್ತದೆ. ಬೆರಳು ಒದ್ದೆ ಮಾಡಿಕೊಂಡು ಎಲ್ಲ ಒತ್ತಿ ನೋಡುವವನೇ. ಭಾವನೂ ಬರುತ್ತೇನೆ ಅಂದಿದ್ದಾರೆ, ಮುಂದಿನ ಸೀಟಿನಲ್ಲೇ ಕೂರಿಸುತ್ತೇನೆ.