ಕಪಾಟಿನ ಡಿಸ್ಕುಗಳನ್ನು ಮಾರಬೇಕೇ?

ತಮ್ಮ: ಈಗಷ್ಟೇ ಬಂದ ಈ ಫಾರ್ವರ್ಡ್ ಅನ್ನು ಎಲ್ಲರೂ ದಯವಿಟ್ಟು ಓದಿ. ವಿಡಿಯೊ ಆಟಗಳ ಡಿಸ್ಕ್ ಕೊಳ್ಳುವ ಕಾಲ ಮುಗಿಯಿತು, ಆನ್‌ಲೈನ್ ಅಂಗಡಿಯ ಖಾತೆಯಲ್ಲಿ ಕೊಂಡ ಆಟ ಎಂದೆಂದಿಗೂ ನಮ್ಮದು, ಜಾಗ ಸಾಲದಿದ್ದರೆ ಅಳಿಸಿ ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು ಎಂದು ಇದರಲ್ಲಿದೆ. ನನಗೂ ಅದೇ ಸರಿ ಎನಿಸುತ್ತದೆ. ಕಪಾಟಿನಲ್ಲಿರುವ ಹನ್ನೊಂದು ಡಿಸ್ಕುಗಳನ್ನು ಮಾರಿ ಆಟಗಳನ್ನು ಉಳಿಸಿಡಲು ದೊಡ್ಡ ಎಸ್‌ಎಸ್‌ಡಿ (ವೇಗದ ಶೇಖರಣಾ ಸಾಧನ) ತರೋಣ.

ಅಕ್ಕ: "ಎಂದೆಂದಿಗೂ ನಮ್ಮದು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಖಾತೆಯಲ್ಲಿ ನಮಗೆ ಸಿಗುವುದು ಆಟವಲ್ಲ, ಆಡುವ ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿರುವ ಕಾನೂನು, ಗ್ರಾಹಕರು ಪಡೆಯುತ್ತಿರುವುದು ಹಿಂಪಡೆಯಬಹುದಾದ ಪರವಾನಗಿಯಾಗಿದ್ದರೆ ಅದನ್ನು ಮಾರುವಾಗಲೇ ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿದ್ದು ಇದೇ ಕಾರಣಕ್ಕೆ. "ಅಳಿಸಿ ಮತ್ತೆ ಇಳಿಸಿಕೊಳ್ಳಿ" ಎಂಬ ಸಲಹೆಯನ್ನು ನಂಬಿ ಪಿ.ಟಿ. ಎಂಬ ಆಟವನ್ನು ಅಳಿಸಿದವರ ಗತಿ ಏನಾಯಿತು? 2014ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4 ಎಂಬ ಕನ್ಸೋಲ್‌ಗೆ (ಆಟದ ಯಂತ್ರಕ್ಕೆ) ಬಂದ ಅದನ್ನು ಮರುವರ್ಷದ ಏಪ್ರಿಲ್‌ನಲ್ಲಿ ಅಂಗಡಿಯಿಂದ ತೆಗೆದರು. ಆಮೇಲೆ ಅಳಿಸಿದವರಿಗೆ ಮತ್ತೆ ಇಳಿಸಿಕೊಳ್ಳುವ ದಾರಿಯೂ ಮುಚ್ಚಿಹೋಯಿತು.

ತಮ್ಮ: ಅದು ಉಚಿತವಾಗಿ ಕೊಟ್ಟ ಡೆಮೊ, ಅಕ್ಕಾ. ಹಣ ಕೊಟ್ಟವರನ್ನು ಯಾರೂ ಹಾಗೆ ಕೈಬಿಡುವುದಿಲ್ಲ. ನಿಂಟೆಂಡೊ 2023ರ ಮಾರ್ಚ್ 27ರಂದು ತನ್ನ 3ಡಿಎಸ್ ಮತ್ತು ವೀ ಯು ಕನ್ಸೋಲ್‌ಗಳ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟವನ್ನು ನಿಲ್ಲಿಸಿದ ಮೇಲೂ, ಹಿಂದೆ ಕೊಂಡಿದ್ದನ್ನು ಇಳಿಸಿಕೊಳ್ಳಲು ಅವಕಾಶವನ್ನು ಉಳಿಸಿತಲ್ಲವೇ?

ಅಕ್ಕ: ಉಳಿಸಿತು, ನಿಜ. ಆದರೆ ಅದು ಎಷ್ಟು ವರ್ಷ ಇರಬೇಕೆಂದು ತೀರ್ಮಾನಿಸುವವರು ನಾವಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಅತ್ತೆ: ಮಕ್ಕಳು ಒಂದೇ ಡಿಸ್ಕನ್ನು ಕೈಬದಲಾಯಿಸಿಕೊಂಡು ಮೂರು ಮನೆಗಳಲ್ಲಿ ಆಡಿದ್ದಾರೆ. ಡೌನ್‌ಲೋಡ್ ಅನ್ನು ಹಾಗೆ ಎರವಲು ಕೊಡಲಾಗುವುದಿಲ್ಲ. ನನ್ನ ಮತ ಡಿಸ್ಕಿಗೆ.

ಚಿಕ್ಕಪ್ಪ: ಡಿಸ್ಕ್ ಕೈಯಲ್ಲಿದ್ದ ಮಾತ್ರಕ್ಕೆ ಆಟ ಕೈಯಲ್ಲಿದೆ ಎಂದೂ ಭಾವಿಸಬೇಡಿ. 'ದಿ ಕ್ರೂ' ಎಂಬ ಕಾರು ಓಟದ ಆಟವನ್ನು ಒಬ್ಬರೇ ಆಡುವುದಕ್ಕೂ ಕಂಪನಿಯ ಸರ್ವರ್ (ನೆಟ್ ಮೂಲಕ ಆಟ ನಡೆಸುವ ಕಂಪ್ಯೂಟರ್) ಬೇಕಿತ್ತು. 2024ರ ಮಾರ್ಚ್ 31ರಂದು ಆ ಸರ್ವರ್‌ಗಳನ್ನು ಆರಿಸಿದಾಗ, ಡಿಸ್ಕ್ ಕೊಂಡಿದ್ದವರೂ ಡೌನ್‌ಲೋಡ್ ಮಾಡಿದ್ದವರಂತೆಯೇ ಬರಿಗೈಯಲ್ಲಿ ನಿಂತರು. ನಿಂಟೆಂಡೊದ ಸ್ವಿಚ್ 2 ಕನ್ಸೋಲ್‌ಗೆ ಬರುತ್ತಿರುವ ಗೇಮ್-ಕೀ ಕಾರ್ಡುಗಳಲ್ಲಂತೂ ಆಟವೇ ಇರುವುದಿಲ್ಲ, ಅದನ್ನು ಇಳಿಸಿಕೊಳ್ಳುವ ಕೀಲಿ ಮಾತ್ರ ಇರುತ್ತದೆ. ಡಬ್ಬಿ ಕಪಾಟಿನಲ್ಲಿರುತ್ತದೆ, ಆಟ ಬೇರೆಯವರ ಕಂಪ್ಯೂಟರಿನಲ್ಲಿರುತ್ತದೆ.

ಅಕ್ಕ: ಚಿಕ್ಕಪ್ಪ ಹೇಳಿದ್ದು ನನ್ನ ವಾದಕ್ಕೆ ವಿರುದ್ಧವೆಂದು ನನಗೆ ಅನಿಸುವುದಿಲ್ಲ. ಡಿಸ್ಕೋ ಡೌನ್‌ಲೋಡೋ ಎಂಬುದಕ್ಕಿಂತ, ನಮ್ಮ ಬಳಿಯಿರುವ ಪ್ರತಿ ಯಾರ ಅನುಮತಿಯನ್ನೂ ಕೇಳದೆ ಓಡುತ್ತದೆಯೇ ಎಂದು ನೋಡಬೇಕು. ಪಿಸಿಯಲ್ಲಿ ಜಿಒಜಿಯಂಥ ಆನ್‌ಲೈನ್ ಅಂಗಡಿ ಕೊಡುವ ಆಫ್‌ಲೈನ್ ಇನ್‌ಸ್ಟಾಲರ್ ಅನ್ನು (ನೆಟ್ ಇಲ್ಲದೆಯೇ ಆಟವನ್ನು ಸ್ಥಾಪಿಸುವ ಫೈಲ್) ನಾವೇ ಉಳಿಸಿಟ್ಟುಕೊಂಡರೆ, ಮುಂದೆ ಆ ಅಂಗಡಿ ಬಾಗಿಲು ಹಾಕಿದರೂ ಆಟ ನಿಲ್ಲುವುದಿಲ್ಲ. ಅಂಥ ಡೌನ್‌ಲೋಡ್ ಅನ್ನು ನಾನು ಎಷ್ಟೋ ಡಿಸ್ಕುಗಳಿಗಿಂತ ಮೇಲೆಂದು ಹೇಳುತ್ತೇನೆ. ಕನ್ಸೋಲ್‌ನ ಡೌನ್‌ಲೋಡ್ ಹಾಗಲ್ಲ, ಅದನ್ನು ಹೊರಗಿನ ಡ್ರೈವಿಗೆ ನಕಲು ಮಾಡಿಟ್ಟರೂ ಪರವಾನಗಿಯ ಬೀಗ ಅದರ ಜೊತೆಗೇ ಹೋಗುತ್ತದೆ. ಮೊದಲ ಮಾದರಿಯ ಪ್ಲೇಸ್ಟೇಷನ್ 5ರ ಒಳಗಿನ 825 ಜಿಬಿಯಲ್ಲಿ ಬಳಕೆಗೆ ಸಿಗುವುದು ಸುಮಾರು 667 ಜಿಬಿ ಮಾತ್ರವಾದ್ದರಿಂದ ದೊಡ್ಡ ಎಸ್‌ಎಸ್‌ಡಿ ಬೇಕೆಂಬ ನಿನ್ನ ಮಾತು ನ್ಯಾಯವೇ. ಆದರೆ ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡ್ರೈವಿನಲ್ಲಿ ಪ್ಲೇಸ್ಟೇಷನ್ 5ರ ಆಟವನ್ನು ಇಡಬಹುದೇ ಹೊರತು ಅಲ್ಲಿಂದಲೇ ಆಡಲಾಗುವುದಿಲ್ಲ, ಒಳಕ್ಕೆ ಮರಳಿ ಸಾಗಿಸಬೇಕಾಗುತ್ತದೆ. ಇನ್ನೊಂದು ಮಾತು: ಎಸ್‌ಎಸ್‌ಡಿಯನ್ನು ವಿದ್ಯುತ್ ಕೊಡದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಅದರ ಕೋಶಗಳಲ್ಲಿರುವ ವಿದ್ಯುದಂಶ ಸೋರಿ ದತ್ತಾಂಶ ಕೆಡಬಹುದು. ದೀರ್ಘಕಾಲ ಇಡುವ ಇನ್‌ಸ್ಟಾಲರ್‌ಗಳನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಟ್ಟು, ಆಗಾಗ ತೆರೆದು ಪರೀಕ್ಷಿಸುವುದು ಒಳ್ಳೆಯದು.

ತಮ್ಮ: ಹಾಗಾದರೆ ನಮ್ಮ ಹನ್ನೊಂದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯುವುದು ಹೇಗೆ?

ಅಕ್ಕ: ಕನ್ಸೋಲ್‌ನಿಂದ ಆಟವನ್ನು ಅಳಿಸು, ಎಲ್ಲಿಯವರೆಗೆ ಆಡಿದ್ದೇವೆಂದು ದಾಖಲಿಸುವ ಸೇವ್ ಫೈಲ್‌ಗಳು ಬೇರೆಯಾಗಿರುವುದರಿಂದ ಅವುಗಳನ್ನು ಮುಟ್ಟಬೇಡ. ನಂತರ ನೆಟ್ ಸಂಪರ್ಕವನ್ನು ಕಡಿದು, ಡಿಸ್ಕಿನಿಂದ ಮಾತ್ರ ಮರಳಿ ಇನ್‌ಸ್ಟಾಲ್ ಮಾಡಿ ಆಡಿ ನೋಡು. ಮೊದಲ ಪರದೆ ಬಂದ ಕೂಡಲೇ ಗೆದ್ದೆನೆಂದು ನಿಲ್ಲಿಸದೆ, ಎರಡು ಮೂರು ಹಂತ ಮುಂದೆ ಹೋಗು. ಕೆಲವು ಡಿಸ್ಕುಗಳಲ್ಲಿ ಆಟದ ಆರಂಭ ಮಾತ್ರ ಇರುತ್ತದೆ.

ತಮ್ಮ (ಎರಡು ದಿನಗಳ ನಂತರ): ಹನ್ನೊಂದನ್ನೂ ಪರೀಕ್ಷಿಸಿದೆ. ಎಂಟು ನೆಟ್ ಇಲ್ಲದೆಯೇ ಓಡಿದವು, ಅವುಗಳಲ್ಲಿ ಎರಡರಲ್ಲಿ ಹಿಂದೆ ನೆಟ್‌ನಿಂದ ಬಂದ ಪ್ಯಾಚಿನಿಂದ (ತಿದ್ದುಪಡಿಯಿಂದ) ಸರಿಯಾಗಿದ್ದ ದೋಷಗಳು ಮರಳಿ ಕಂಡವು. ಎರಡು ಮೊದಲ ಹಂತ ಮುಗಿದ ಮೇಲೆ ಉಳಿದದ್ದನ್ನು ಇಳಿಸಿಕೊಳ್ಳಲು ಕೇಳಿದವು. ಒಂದು ತೆರೆಯಲೇ ಇಲ್ಲ. ಫಾರ್ವರ್ಡ್ ಅನ್ನು ಅಳಿಸುತ್ತಿದ್ದೇನೆ; ಮಾರುವ ಪಟ್ಟಿಯಲ್ಲಿ ಈಗ ಮೂರೇ ಇವೆ.

ಚಿಕ್ಕಪ್ಪ: ಆ ಮೂರನ್ನು ಕೊಳ್ಳುವವರಿಗೂ ನೀನು ಕಂಡದ್ದನ್ನು ಮೊದಲೇ ಹೇಳಿ ಮಾರು.